ದೀರ್ಘಕಾಲದ ನೋವು ಮತ್ತು ನರಸಂಬಂಧಿ ತೊಂದರೆಗಳು: ಪರಸ್ಪರ ನೆರವಿನ ಗುಂಪುಗಳನ್ನು ಕುರಿತು ನಾಗರಿಕರಿಗೆ ಮಾಹಿತಿ

1. ಪೀಠಿಕೆ

ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಿಡದೆ ಕಾಡುವ ನೋವು, ಕೈಕಾಲುಗಳ ಜೋಮು, ಪಾದಗಳ ಉರಿ, ಪದೇ ಪದೇ ಬರುವ ಅರೆತಲೆನೋವು, ನಡುಕ, ಮೂರ್ಛೆ, ಸ್ನಾಯುಗಳ ಬಲಹೀನತೆ ಮುಂತಾದ ತೊಂದರೆಗಳುಳ್ಳ ನಾಗರಿಕರು ಚಿಕಿತ್ಸೆ, ಪ್ರಮಾಣಪತ್ರ ಹಾಗೂ ಇತರೆ ಸೌಲಭ್ಯಗಳಿಗಾಗಿ ವಿವಿಧ ಕಚೇರಿಗಳಿಗೆ ಅರ್ಜಿ ಸಲ್ಲಿಸುತ್ತಾರೆ. ಇವರಲ್ಲಿ ಅನೇಕರ ತೊಂದರೆ ಹೊರನೋಟಕ್ಕೆ ಕಾಣುವುದಿಲ್ಲ. ಗಾಯವಿರುವುದಿಲ್ಲ, ಊರುಗೋಲಿರುವುದಿಲ್ಲ, ಎಕ್ಸ್-ರೇ ಅಥವಾ ರಕ್ತಪರೀಕ್ಷೆಯಲ್ಲಿ ದೋಷ ಕಂಡುಬರದಿರಬಹುದು. ಆದಕಾರಣ ಮನೆಯಲ್ಲಿ ಮತ್ತು ಕೆಲಸದ ಸ್ಥಳದಲ್ಲಿ ಇವರ ಮಾತನ್ನು ನಂಬದಿರುವ ಸಂದರ್ಭಗಳು ಬರುತ್ತವೆ. ಕಾಲಕ್ರಮೇಣ ಬಾಧಿತರು ಮದುವೆ, ಜಾತ್ರೆ, ನೆಂಟರ ಮನೆ ಎಲ್ಲದರಿಂದಲೂ ದೂರ ಸರಿದು ಒಂಟಿಯಾಗುತ್ತಾರೆ.

ಇಂತಹವರಿಗೆ ವೈದ್ಯಕೀಯ ಚಿಕಿತ್ಸೆಯ ಜೊತೆಯಲ್ಲಿ, ಅದೇ ಬಗೆಯ ತೊಂದರೆಯನ್ನು ಅನುಭವಿಸಿದ ಇತರರ ಸಂಪರ್ಕವು ಬಹಳ ಉಪಯುಕ್ತವಾಗುತ್ತದೆ. ಹೀಗೆ ಬಾಧಿತರೇ ಸೇರಿ ಪರಸ್ಪರ ನೆರವಾಗುವ ಕೂಟಗಳನ್ನು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಸಪೋರ್ಟ್ ಗ್ರೂಪ್ ಎಂದು ಕರೆಯುತ್ತಾರೆ. ಈ ಪುಟದಲ್ಲಿ ಅವುಗಳನ್ನು ಪರಸ್ಪರ ನೆರವಿನ ಗುಂಪುಗಳೆಂದು ಕರೆಯಲಾಗಿದೆ. ಇವುಗಳನ್ನು ಹುಡುಕುವ ಬಗೆ, ಸೇರುವ ಮುನ್ನ ಪರಿಶೀಲಿಸಬೇಕಾದ ಅಂಶಗಳು, ಹೊಸ ಗುಂಪನ್ನು ಆರಂಭಿಸುವ ವಿಧಾನ ಹಾಗೂ ಸಂಬಂಧಿಸಿದ ಸರ್ಕಾರಿ ಸೇವೆಗಳ ವಿವರಗಳನ್ನು ಮುಂದೆ ನೀಡಲಾಗಿದೆ.

ಪರಸ್ಪರ ನೆರವಿನ ಗುಂಪಿಗೆ ಸೇರಲು ಸರ್ಕಾರಕ್ಕೆ ಯಾವುದೇ ಅರ್ಜಿ ಸಲ್ಲಿಸಬೇಕಾಗಿಲ್ಲ. ಅಂಗವೈಕಲ್ಯ ಪ್ರಮಾಣಪತ್ರ ಹೊಂದಿರಬೇಕೆಂಬ ನಿಯಮವೂ ಇರುವುದಿಲ್ಲ.

2. ದೀರ್ಘಕಾಲದ ನೋವು ಎಂದರೇನು?

ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರುವ ಅಥವಾ ಮರುಕಳಿಸುವ ನೋವನ್ನು ದೀರ್ಘಕಾಲದ ನೋವು ಎಂದು ಪರಿಗಣಿಸಲಾಗುತ್ತದೆ. ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘವು 1979ರಲ್ಲಿ ನೀಡಿದ್ದ ನೋವಿನ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸಿತು. ಅದರಂತೆ ನೋವು ಕೇವಲ ಶರೀರದ ಸಂವೇದನೆಯಲ್ಲ, ಭಾವನೆಯೂ ಸೇರಿದ ಅನುಭವ. ವ್ಯಕ್ತಿಯೊಬ್ಬರು ತಮಗೆ ನೋವಿದೆಯೆಂದು ಹೇಳಿದಾಗ ಅದನ್ನು ಗೌರವಿಸಬೇಕೆಂದು ಆ ವ್ಯಾಖ್ಯೆಯ ಟಿಪ್ಪಣಿಯಲ್ಲಿ ಸ್ಪಷ್ಟಪಡಿಸಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ 11ನೆಯ ಪರಿಷ್ಕರಣೆಯು 2022ರ ಜನವರಿಯಿಂದ ಜಾರಿಗೆ ಬಂದಿದ್ದು, ಅದರಲ್ಲಿ ದೀರ್ಘಕಾಲದ ನೋವಿಗೆ ಪ್ರತ್ಯೇಕ ಸಂಕೇತಗಳನ್ನು ನೀಡಲಾಗಿದೆ.

ಸಾಮಾನ್ಯ ನೋವು ಶರೀರಕ್ಕೆ ಅಪಾಯದ ಮುನ್ಸೂಚನೆಯಾಗಿರುತ್ತದೆ. ಗಾಯ ಮಾಗಿದಂತೆ ಶಮನವಾಗುತ್ತದೆ. ಕೆಲವರಲ್ಲಿ ಗಾಯ ಮಾಗಿದ ನಂತರವೂ ನರಗಳು, ಬೆನ್ನುಹುರಿ ಹಾಗೂ ಮೆದುಳು ಅತಿಸೂಕ್ಷ್ಮವಾಗಿಯೇ ಉಳಿದು, ಸಣ್ಣ ಸ್ಪರ್ಶವೂ ನೋವಾಗಿ ಭಾಸವಾಗುತ್ತದೆ. ಇದು ಕಲ್ಪನೆಯಲ್ಲ. ನಿದ್ರೆಯ ಕೊರತೆ, ಆತಂಕ ಮತ್ತು ಒಂಟಿತನಗಳು ಈ ನೋವನ್ನು ಹೆಚ್ಚಿಸುತ್ತವೆ. ವಿಶ್ರಾಂತಿ, ಹಿತಮಿತವಾದ ಚಲನೆ ಮತ್ತು ಭರವಸೆಗಳು ತಗ್ಗಿಸುತ್ತವೆ.

ನಮ್ಮಲ್ಲಿ ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಈ ಕೆಳಕಂಡಂತಿವೆ:

ಅ) ಮಧುಮೇಹದಿಂದ ನರಗಳಿಗೆ ಆಗುವ ಹಾನಿ. ಪಾದಗಳಲ್ಲಿ ಉರಿ, ಜೋಮು, ರಾತ್ರಿ ಹೆಚ್ಚುವ ಚುಚ್ಚುನೋವು ಇದರ ಲಕ್ಷಣಗಳು.
ಆ) ಬಿ-12 ಜೀವಸತ್ವದ ಕೊರತೆ. ಶುದ್ಧ ಸಸ್ಯಾಹಾರಿಗಳಲ್ಲಿ ಹಾಗೂ ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಇದರ ಸಂಭವ ಹೆಚ್ಚು.
ಇ) ಸರ್ಪಸುತ್ತು ವಾಸಿಯಾದ ನಂತರ ಅದೇ ಜಾಗದಲ್ಲಿ ಉಳಿಯುವ ನರನೋವು.
ಈ) ಮುಖದ ನರಶೂಲೆ. ಹಲ್ಲುಜ್ಜುವುದು, ಅಗಿಯುವುದು, ತಣ್ಣನೆಯ ಗಾಳಿ ತಗಲುವುದು ಇವುಗಳಿಂದಲೇ ವಿದ್ಯುತ್ ತಗುಲಿದಂತಹ ನೋವು ಬರುತ್ತದೆ.
ಉ) ಸೊಂಟ ಅಥವಾ ಕುತ್ತಿಗೆಯ ಡಿಸ್ಕ್ ಜಾರಿ ನರ ಒತ್ತಿಕೊಳ್ಳುವುದು.
ಊ) ಕುಷ್ಠರೋಗದಿಂದ ಆಗುವ ನರಹಾನಿ, ಪಾರ್ಶ್ವವಾಯುವಿನ ನಂತರದ ನೋವು, ಅಂಗಚ್ಛೇದನದ ನಂತರ ಇಲ್ಲದ ಅಂಗದಲ್ಲಿಯೇ ಅನುಭವಕ್ಕೆ ಬರುವ ನೋವು.
ಋ) ಚಿಕುನ್‌ಗುನ್ಯ ಜ್ವರದ ನಂತರ ತಿಂಗಳುಗಟ್ಟಲೆ ಉಳಿಯುವ ಕೀಲುನೋವು. 2006ರ ಹಾವಳಿಯ ನಂತರ ರಾಜ್ಯದ ಅನೇಕ ಗ್ರಾಮಗಳ ಜನರಿಗೆ ಇದು ಪರಿಚಿತ.
ಎ) ಅರೆತಲೆನೋವು, ಫೈಬ್ರೊಮಯಾಲ್ಜಿಯ, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ ಕಾಯಿಲೆ ಮುಂತಾದವು.

ನರಮಂಡಲದ ರಚನೆಯಲ್ಲಿ ದೋಷ ಕಾಣದಿದ್ದರೂ ಅದರ ಕಾರ್ಯದಲ್ಲಿ ಏರುಪೇರಾಗಿ ನಡುಕ, ಬಲಹೀನತೆ, ಮೂರ್ಛೆಯಂತಹ ಸೆಳೆತ ಉಂಟಾಗುವ ಸ್ಥಿತಿಯೂ ಇರುತ್ತದೆ. ಇದನ್ನು ನಟನೆಯೆಂದು ತಿಳಿಯಬಾರದು. ಇದಕ್ಕೂ ಚಿಕಿತ್ಸೆ ಲಭ್ಯವಿದೆ.

3. ಮೊದಲು ವೈದ್ಯರ ತಪಾಸಣೆ

ಗುಂಪಿಗೆ ಸೇರುವ ಮುನ್ನ, ಅಥವಾ ಸೇರಿದ ಕೂಡಲೇ, ಅರ್ಹ ವೈದ್ಯರಿಂದ ತಪಾಸಣೆ ಮಾಡಿಸಿಕೊಂಡಿರಬೇಕು. ಮೇಲ್ಕಂಡ ಕಾರಣಗಳಲ್ಲಿ ಹಲವಕ್ಕೆ ನೇರ ಚಿಕಿತ್ಸೆಯಿದೆ. ಬಿ-12 ಕೊರತೆಯನ್ನು ಬೇಗ ಗುರುತಿಸಿದರೆ ಜೋಮು ಗುಣವಾಗಬಹುದು. ತಡಮಾಡಿದರೆ ನರಹಾನಿ ಶಾಶ್ವತವಾಗಬಹುದು. ಜೊತೆಯವರ ಲಕ್ಷಣಕ್ಕೂ ತಮ್ಮ ಲಕ್ಷಣಕ್ಕೂ ಹೋಲಿಕೆಯಿದೆಯೆಂಬ ಕಾರಣಕ್ಕೆ ಕಾಯಿಲೆಯೂ ಒಂದೇ ಎಂದು ತೀರ್ಮಾನಿಸಬಾರದು.

ಈ ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ಗುಂಪಿನವರನ್ನು ಕೇಳುತ್ತಾ ಕಾಲಹರಣ ಮಾಡದೆ ಕೂಡಲೇ 108 ಅಥವಾ 112ಕ್ಕೆ ಕರೆ ಮಾಡತಕ್ಕದ್ದು:

1) ಹಠಾತ್ತನೆ ಮುಖ ಸೊಟ್ಟಗಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಮಾತು ತೊದಲುವುದು. ಇದು ಪಾರ್ಶ್ವವಾಯುವಾಗಿರಬಹುದು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಾಗುತ್ತದೆ. ಆದ್ದರಿಂದ ಲಕ್ಷಣ ಆರಂಭವಾದ ಸಮಯವನ್ನು ಬರೆದಿಟ್ಟುಕೊಳ್ಳಬೇಕು.
2) ಸೊಂಟನೋವಿನ ಜೊತೆಗೆ ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಗಳ ಸಂದಿಯಲ್ಲಿ ಸ್ಪರ್ಶಜ್ಞಾನ ಇಲ್ಲವಾಗುವುದು.
3) ಹಿಂದೆಂದೂ ಕಂಡಿರದಷ್ಟು ತೀವ್ರವಾದ ತಲೆನೋವು ಹಠಾತ್ತನೆ ಬರುವುದು; ಜ್ವರ ಮತ್ತು ಕುತ್ತಿಗೆ ಬಿಗಿತದೊಂದಿಗೆ ತಲೆನೋವು.
4) ಐದು ನಿಮಿಷಕ್ಕೂ ಮೀರಿ ನಿಲ್ಲದ ಮೂರ್ಛೆ, ಅಥವಾ ಪ್ರಜ್ಞೆ ಮರಳುವ ಮೊದಲೇ ಮತ್ತೊಂದು ಮೂರ್ಛೆ.
5) ಕಾಲುಗಳಿಂದ ಆರಂಭವಾಗಿ ಕೆಲವೇ ದಿನಗಳಲ್ಲಿ ಮೇಲೇರುವ ಬಲಹೀನತೆ, ಉಸಿರಾಡಲು ಅಥವಾ ನುಂಗಲು ಕಷ್ಟ.

ಸಭೆ ನಡೆಯುತ್ತಿರುವಾಗ ಯಾರಿಗಾದರೂ ಮೂರ್ಛೆ ಬಂದಲ್ಲಿ ಅವರನ್ನು ಬದಿಗೆ ಹೊರಳಿಸಿ ಮಲಗಿಸಬೇಕು, ಸುತ್ತಲಿನ ಗಟ್ಟಿ ವಸ್ತುಗಳನ್ನು ದೂರ ಸರಿಸಬೇಕು. ಬಾಯಿಗೆ ಚಮಚ ಅಥವಾ ಬಟ್ಟೆ ತುರುಕುವುದು, ಕೈಗೆ ಕಬ್ಬಿಣ ಅಥವಾ ಬೀಗದ ಕೈ ಹಿಡಿಸುವುದು, ನೀರು ಕುಡಿಸುವುದು ಇವುಗಳನ್ನು ಮಾಡಬಾರದು.

4. ಪರಸ್ಪರ ನೆರವಿನಿಂದ ಆಗುವುದೇನು? ಆಗದಿರುವುದೇನು?

ಸಮಾನ ಬಾಧಿತರು ಒಟ್ಟಿಗೆ ಕುಳಿತು ಮಾತನಾಡುವ ಪದ್ಧತಿಗೆ ದೀರ್ಘ ಇತಿಹಾಸವಿದೆ. ಮದ್ಯವ್ಯಸನದಿಂದ ಹೊರಬರಲು ಬಯಸುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವು 1935ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ದೀರ್ಘಕಾಲದ ನೋವುಳ್ಳವರಿಗಾಗಿ ಇಂತಹದೇ ಸಂಘಟನೆಯೊಂದನ್ನು ನೋವಿನಿಂದ ಬಳಲುತ್ತಿದ್ದ ಪೆನಿ ಕೋವನ್ ಎಂಬ ಮಹಿಳೆ 1980ರಲ್ಲಿ ಅದೇ ದೇಶದಲ್ಲಿ ಸ್ಥಾಪಿಸಿದರು. ಭಾರತದಲ್ಲಿಯೂ ಮೂರ್ಛೆರೋಗ, ಮಲ್ಟಿಪಲ್ ಸ್ಕ್ಲೆರೋಸಿಸ್ ಹಾಗೂ ಪಾರ್ಕಿನ್ಸನ್ ಕಾಯಿಲೆಗೆ ಸಂಬಂಧಿಸಿದ ಸಂಘಗಳು ಹಲವು ದಶಕಗಳಿಂದ ಕೆಲಸ ಮಾಡುತ್ತಿವೆ.

ಗುಂಪಿನಿಂದ ದೊರೆಯಬಹುದಾದ ಪ್ರಯೋಜನಗಳು:

ಅ) ತಮ್ಮ ಮಾತನ್ನು ಸಂಶಯಿಸದೆ ಕೇಳುವವರು ಸಿಗುತ್ತಾರೆ. ನೋವನ್ನು ಪ್ರತಿದಿನ ಸಾಬೀತುಪಡಿಸಬೇಕಾದ ಶ್ರಮ ಆ ಒಂದು ಗಂಟೆಯ ಮಟ್ಟಿಗಾದರೂ ತಪ್ಪುತ್ತದೆ.

ಆ) ದಿನನಿತ್ಯದ ಉಪಾಯಗಳು ತಿಳಿದುಬರುತ್ತವೆ. ಮುದ್ದೆ ತಿರುವುವುದು, ಬಟ್ಟೆ ಒಗೆಯುವುದು, ನೀರು ಹೊರುವುದು ಮುಂತಾದ ಕೆಲಸಗಳನ್ನು ಒಂದೇ ಬಾರಿಗೆ ಮಾಡದೆ ನಡುವೆ ವಿಶ್ರಾಂತಿ ಪಡೆದು ಹಂತಹಂತವಾಗಿ ಮಾಡುವುದು; ನೋವು ಕಡಿಮೆಯಿರುವ ದಿನ ಎಲ್ಲ ಕೆಲಸವನ್ನೂ ಮುಗಿಸಲು ಹೋಗಿ ಮರುದಿನ ಹಾಸಿಗೆ ಹಿಡಿಯುವುದನ್ನು ತಪ್ಪಿಸುವುದು; ಮುಖದ ನರಶೂಲೆ ಇರುವವರು ದ್ವಿಚಕ್ರ ವಾಹನದಲ್ಲಿ ಹೋಗುವಾಗ ಮುಖಕ್ಕೆ ಬಟ್ಟೆ ಸುತ್ತಿಕೊಳ್ಳುವುದು; ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಲ್ಲಿ ಶಾಖದಿಂದ ಲಕ್ಷಣಗಳು ಹೆಚ್ಚುವುದರಿಂದ ಅವರು ಬಿಸಿನೀರಿನ ಬದಲು ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡುವುದು; ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವ ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯದೆ, ಬಿಸಿನೀರಿನಲ್ಲಿ ಕಾಲಿಡದೆ, ಪ್ರತಿದಿನ ಅಂಗಾಲನ್ನು ಪರೀಕ್ಷಿಸಿಕೊಳ್ಳುವುದು ಇತ್ಯಾದಿ.

ಇ) ವೈದ್ಯರ ಬಳಿ ಯಾವ ವಿಷಯ ಹೇಳಬೇಕು, ಯಾವ ಪ್ರಶ್ನೆ ಕೇಳಬೇಕು, ಯಾವ ದಾಖಲೆ ಕೊಂಡೊಯ್ಯಬೇಕು ಎಂಬುದು ತಿಳಿಯುತ್ತದೆ.

ಈ) ಸರ್ಕಾರಿ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಿದ ಅನುಭವವುಳ್ಳವರಿಂದ ಮಾರ್ಗದರ್ಶನ ದೊರೆಯುತ್ತದೆ.

ಉ) ಇತರರಿಗೆ ನೆರವಾಗುವುದರಿಂದ ತಾವೂ ಉಪಯುಕ್ತರೆಂಬ ಭಾವನೆ ಮರಳುತ್ತದೆ. ನೌಕರಿ ಅಥವಾ ಬೇಸಾಯವನ್ನು ಬಿಡಬೇಕಾಗಿ ಬಂದವರಿಗೆ ಇದು ಸಣ್ಣ ವಿಷಯವಲ್ಲ.

ಗುಂಪಿನಿಂದ ನಿರೀಕ್ಷಿಸಬಾರದ ವಿಷಯಗಳೂ ಇವೆ. ಗುಂಪು ರೋಗವನ್ನು ಪತ್ತೆ ಮಾಡುವುದಿಲ್ಲ, ವಾಸಿ ಮಾಡುವುದಿಲ್ಲ. ನೋವಿನ ತೀವ್ರತೆ ಮೊದಲಿನಷ್ಟೇ ಇರಬಹುದು. ನೋವಿನೊಂದಿಗೆ ಬಾಳುವ ಸಾಮರ್ಥ್ಯ ಹೆಚ್ಚುವುದೇ ಮುಖ್ಯ ಪ್ರಯೋಜನ. ಕೆಲವರಿಗೆ ಇತರರ ಕಷ್ಟ ಕೇಳಿ ಮನಸ್ಸು ಇನ್ನಷ್ಟು ಭಾರವಾಗಬಹುದು. ಅಂತಹವರು ಗುಂಪಿನ ಬದಲು ಒಬ್ಬರೇ ಅನುಭವಿಯೊಂದಿಗೆ ಮಾತನಾಡುವ ವ್ಯವಸ್ಥೆಯನ್ನು ಅಥವಾ ಆಪ್ತಸಮಾಲೋಚಕರನ್ನು ಆರಿಸಿಕೊಳ್ಳಬಹುದು.

5. ಔಷಧಿಗಳ ಬಗ್ಗೆ ಮುಖ್ಯ ಎಚ್ಚರಿಕೆ

ಅ) ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಇನ್ನೊಬ್ಬರು ಸೇವಿಸಬಾರದು.
ಆ) ಮೂರ್ಛೆರೋಗದ ಮಾತ್ರೆ, ಗ್ಯಾಬಪೆಂಟಿನ್, ಪ್ರೀಗ್ಯಾಬಲಿನ್, ಬ್ಯಾಕ್ಲೊಫೆನ್, ಸ್ಟಿರಾಯ್ಡ್ ಹಾಗೂ ಅಫೀಮು ವರ್ಗದ ನೋವುನಿವಾರಕಗಳನ್ನು ಗುಂಪಿನವರ ಮಾತು ಕೇಳಿ ಹಠಾತ್ತನೆ ನಿಲ್ಲಿಸಬಾರದು. ನಿಲ್ಲಿಸುವುದಾದರೆ ವೈದ್ಯರ ಸಲಹೆಯಂತೆ ಕ್ರಮೇಣ ಕಡಿಮೆ ಮಾಡಬೇಕು.
ಇ) ಔಷಧಿ ಅಂಗಡಿಯಿಂದ ನೇರವಾಗಿ ಕೊಂಡ ನೋವಿನ ಮಾತ್ರೆಗಳ ದೀರ್ಘಬಳಕೆಯಿಂದ ಜಠರದಲ್ಲಿ ಹುಣ್ಣು ಮತ್ತು ಮೂತ್ರಪಿಂಡಗಳಿಗೆ ಹಾನಿಯಾಗಬಹುದು.
ಈ) ತಲೆನೋವಿಗಾಗಿ ತಿಂಗಳಿನಲ್ಲಿ 15 ಅಥವಾ ಹೆಚ್ಚು ದಿನ ಸಾಮಾನ್ಯ ನೋವಿನ ಮಾತ್ರೆಯನ್ನು, ಅಥವಾ 10 ಅಥವಾ ಹೆಚ್ಚು ದಿನ ಸಂಯುಕ್ತ ಮಾತ್ರೆಗಳನ್ನು ಮೂರು ತಿಂಗಳಿಗೂ ಮೀರಿ ಸೇವಿಸುತ್ತಿದ್ದಲ್ಲಿ, ಆ ಮಾತ್ರೆಗಳಿಂದಲೇ ತಲೆನೋವು ಹೆಚ್ಚುವ ಸಂಭವವಿರುತ್ತದೆ. ಇದನ್ನು ವೈದ್ಯರ ಗಮನಕ್ಕೆ ತರಬೇಕು.
ಉ) ಪಾರ್ಕಿನ್ಸನ್ ಕಾಯಿಲೆಗೆ ನೀಡುವ ಲೆವೊಡೋಪಾ ಮಾತ್ರೆಯ ಪರಿಣಾಮವು ಸೇವಿಸುವ ಸಮಯವನ್ನೂ ಊಟದಲ್ಲಿನ ಪ್ರೋಟೀನನ್ನೂ ಅವಲಂಬಿಸಿರುತ್ತದೆ. ಸಭೆಯ ವೇಳೆಯಲ್ಲಿಯೂ ಮಾತ್ರೆಯ ಸಮಯ ತಪ್ಪಿಸಬಾರದು.

6. ಗುಂಪನ್ನು ಹುಡುಕುವ ವಿಧಾನ

ಮೊದಲಿಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು, ಆಸ್ಪತ್ರೆಯ ವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಅಥವಾ ಫಿಸಿಯೋಥೆರಪಿ ವಿಭಾಗದವರನ್ನು ವಿಚಾರಿಸಬೇಕು. ಒಂದೇ ದಿನ ಒಂದೇ ವಿಭಾಗಕ್ಕೆ ಬರುವ ರೋಗಿಗಳ ನಡುವೆ ಪರಿಚಯವಾಗಿ ಗುಂಪು ಬೆಳೆದಿರುವುದು ಸಾಮಾನ್ಯ.

ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು (ನಿಮ್ಹಾನ್ಸ್) ನರರೋಗ ಚಿಕಿತ್ಸೆಯ ಪ್ರಮುಖ ಕೇಂದ್ರ. ಅಲ್ಲಿನ ನರರೋಗ, ಪುನರ್ವಸತಿ ಹಾಗೂ ಮನೋವೈದ್ಯಕೀಯ ಸಮಾಜಕಾರ್ಯ ವಿಭಾಗಗಳಲ್ಲಿ ಮಾಹಿತಿ ಕೇಳಬಹುದು. ಬೆಂಗಳೂರಿಗೆ ಬರಲು ಸಾಧ್ಯವಾಗದವರು ತಮ್ಮ ಜಿಲ್ಲಾ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮದ ಅಡಿಯಲ್ಲಿ ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯು, ಮರೆವಿನ ಕಾಯಿಲೆ ಮುಂತಾದವುಗಳ ತಪಾಸಣೆಯನ್ನು ಜಿಲ್ಲಾ ಮಟ್ಟಕ್ಕೆ ತರಲಾಗಿದೆ.

ನಿರ್ದಿಷ್ಟ ಕಾಯಿಲೆಗಳಿಗೆ ಸಂಬಂಧಿಸಿದ ಸಂಘಗಳು:

– ಭಾರತೀಯ ಮೂರ್ಛೆರೋಗ ಸಂಘ (ಸ್ಥಾಪನೆ 1970). ಬೆಂಗಳೂರಿನಲ್ಲಿ ಶಾಖೆಯಿದೆ.
– ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾ (ಸ್ಥಾಪನೆ 1985). ಬೆಂಗಳೂರಿನಲ್ಲಿ ಶಾಖೆಯಿದೆ.
– ಪಾರ್ಕಿನ್ಸನ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ (ಮುಂಬಯಿ, ಸ್ಥಾಪನೆ 2001). ವಿವಿಧ ನಗರಗಳಲ್ಲಿ ಗುಂಪುಗಳನ್ನು ನಡೆಸುತ್ತದೆ.
– ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ (ಬೆಂಗಳೂರು, ಸ್ಥಾಪನೆ 1959). ದೈಹಿಕ ಅಂಗವೈಕಲ್ಯವುಳ್ಳವರ ಪುನರ್ವಸತಿ ಮತ್ತು ತರಬೇತಿ.

ಗ್ರಾಮಾಂತರ ಪ್ರದೇಶದವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು (ವಿ.ಆರ್.ಡಬ್ಲ್ಯು.), ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು (ಎಂ.ಆರ್.ಡಬ್ಲ್ಯು.), ಅಥವಾ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದು. ಆಸುಪಾಸಿನ ಹಳ್ಳಿಗಳಲ್ಲಿ ಇಂತಹದೇ ತೊಂದರೆಯುಳ್ಳ ಬೇರೆಯವರು ಇದ್ದಲ್ಲಿ, ಅವರ ಒಪ್ಪಿಗೆ ಪಡೆದು ಪರಿಚಯಿಸುವಂತೆ ಕೋರಬಹುದು. ಒಪ್ಪಿಗೆಯಿಲ್ಲದೆ ಯಾರ ಕಾಯಿಲೆಯ ವಿವರವನ್ನೂ ಕೇಳಬಾರದು.

7. ಸೇರುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಮುಂಚಿತವಾಗಿ ವಿಚಾರಿಸಿಕೊಳ್ಳಬೇಕಾದವು: ಸಭೆ ಕನ್ನಡದಲ್ಲಿ ನಡೆಯುತ್ತದೆಯೇ? ಸ್ಥಳ ನೆಲ ಅಂತಸ್ತಿನಲ್ಲಿದೆಯೇ? ಬೆನ್ನಿಗೆ ಆಧಾರವುಳ್ಳ ಕುರ್ಚಿಗಳು ಮತ್ತು ಬಳಸಲು ಅನುಕೂಲವಾದ ಶೌಚಾಲಯ ಇವೆಯೇ? ಶುಲ್ಕವಿದೆಯೇ? ಮನೆಯವರು ಜೊತೆಗೆ ಬರಬಹುದೇ? ಮಹಿಳೆಯರಿಗೆ ಪ್ರತ್ಯೇಕ ಸಭೆ ಇದೆಯೇ?

ಈ ಕೆಳಕಂಡವು ಕಂಡುಬಂದಲ್ಲಿ ಅಂತಹ ಗುಂಪಿನಿಂದ ದೂರವಿರುವುದು ಕ್ಷೇಮ:

– ಔಷಧಿ, ಎಣ್ಣೆ, ಯಂತ್ರ, ಆಯಸ್ಕಾಂತದ ಪಟ್ಟಿ ಮುಂತಾದವನ್ನು ಸದಸ್ಯರಿಗೆ ಮಾರಾಟ ಮಾಡುವುದು.
– ಸಂಪೂರ್ಣ ವಾಸಿಯ ಖಾತರಿ ಕೊಡುವುದು. ಪಾರ್ಶ್ವವಾಯು ಮುಂತಾದ ನಿಗದಿತ ಕಾಯಿಲೆಗಳನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯು ನಿಷೇಧಿಸುತ್ತದೆ.
– ವೈದ್ಯರ ಬಳಿ ಹೋಗಬೇಡಿ, ಮಾತ್ರೆ ನಿಲ್ಲಿಸಿ ಎಂದು ಒತ್ತಾಯಿಸುವುದು.
– ಮೂಲ ಪ್ರಮಾಣಪತ್ರ, ಆಧಾರ್ ಪ್ರತಿ, ಬ್ಯಾಂಕ್ ವಿವರ, ಒ.ಟಿ.ಪಿ. ಕೇಳುವುದು.
– ಹಣ ಕೊಟ್ಟರೆ ಅಂಗವೈಕಲ್ಯ ಪ್ರಮಾಣಪತ್ರ ಕೊಡಿಸುವುದಾಗಿ ಹೇಳುವುದು.
– ಸದಸ್ಯರ ಭಾವಚಿತ್ರ ಅಥವಾ ವಿವರಗಳನ್ನು ಅನುಮತಿಯಿಲ್ಲದೆ ಹಂಚುವುದು.

8. ಮೊದಲ ಸಭೆಗೆ ಸಿದ್ಧತೆ

ಮೊದಲ ದಿನ ಮಾತನಾಡಲೇಬೇಕೆಂದಿಲ್ಲ, ಕೇಳಿಸಿಕೊಂಡು ಬರಬಹುದು. ಹೆಸರಿನ ಹೊರತು ಬೇರೆ ವಿವರ ಹೇಳುವ ಅಗತ್ಯವೂ ಇಲ್ಲ. ಕುಳಿತಿರಲು ಕಷ್ಟವಾದಲ್ಲಿ ಎದ್ದು ನಿಲ್ಲಬಹುದು, ಓಡಾಡಬಹುದು, ಮಧ್ಯದಲ್ಲಿಯೇ ಹೊರಡಬಹುದು. ಹೋಗಿಬರುವ ಪ್ರಯಾಣದ ಆಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡು ಅಂದು ಬೇರೆ ಕೆಲಸ ಇಟ್ಟುಕೊಳ್ಳದಿರುವುದು ಒಳ್ಳೆಯದು. ಒಂದು ಸಭೆಯಿಂದ ತೀರ್ಮಾನಕ್ಕೆ ಬರದೆ ಎರಡು ಮೂರು ಸಭೆಗಳಿಗೆ ಹೋಗಿ ನೋಡಬಹುದು.

ನೋವಿನ ದಿನಚರಿ: ಸಾಮಾನ್ಯ ನೋಟ್‌ಪುಸ್ತಕದಲ್ಲಿ ಪ್ರತಿದಿನ ಈ ವಿವರಗಳನ್ನು ಬರೆದಿಡುವುದರಿಂದ ಗುಂಪಿನಲ್ಲಿಯೂ ವೈದ್ಯರ ಮುಂದೆಯೂ ವಿಷಯ ಹೇಳುವುದು ಸುಲಭವಾಗುತ್ತದೆ: (1) ದಿನಾಂಕ ಮತ್ತು ಸಮಯ, (2) ನೋವಿನ ಜಾಗ, (3) ನೋವಿಲ್ಲ ಎಂಬುದಕ್ಕೆ 0, ಅತಿ ಕೆಟ್ಟ ನೋವಿಗೆ 10 ಎಂದಿಟ್ಟುಕೊಂಡು ಅಂಕ, (4) ನೋವಿನ ಬಗೆ, ಅಂದರೆ ಉರಿ, ಚುಚ್ಚು, ಸೆಳೆತ, ಜೋಮು, ಮಿಡಿತ, (5) ಸೇವಿಸಿದ ಮಾತ್ರೆ, (6) ನಿದ್ರೆಯ ಗಂಟೆಗಳು, (7) ಅಂದು ಮಾಡಲಾಗದೆ ಉಳಿದ ಕೆಲಸ. ಇವುಗಳಲ್ಲಿ ಕೊನೆಯ ಅಂಶವನ್ನು ಬಹುತೇಕರು ಬರೆಯುವುದಿಲ್ಲ. ಆದರೆ ತೊಂದರೆಯು ಜೀವನವನ್ನು ಎಷ್ಟರಮಟ್ಟಿಗೆ ಬಾಧಿಸಿದೆ ಎಂಬುದನ್ನು ಅಂಕಕ್ಕಿಂತ ಸ್ಪಷ್ಟವಾಗಿ ತಿಳಿಸುವುದು ಅದೇ.

9. ಹೊಸ ಗುಂಪನ್ನು ಆರಂಭಿಸುವುದು

ಸಮೀಪದಲ್ಲಿ ಗುಂಪು ಇಲ್ಲದಿದ್ದಲ್ಲಿ ಮೂರು ನಾಲ್ಕು ಮಂದಿ ಸೇರಿ ಆರಂಭಿಸಬಹುದು. ನೋಂದಣಿ ಕಡ್ಡಾಯವಲ್ಲ. ಗುಂಪು ಬೆಳೆದು, ಸಂಘವಾಗಿ ಹಣಕಾಸಿನ ವ್ಯವಹಾರ ನಡೆಸಲು ಅಥವಾ ಅನುದಾನ ಕೋರಲು ಇಚ್ಛಿಸಿದಲ್ಲಿ, ಕನಿಷ್ಠ ಏಳು ಮಂದಿ ಸೇರಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ನೋಂದಾಯಿಸಿಕೊಳ್ಳಬಹುದು.

ಅನುಸರಿಸಬಹುದಾದ ಸರಳ ನಿಯಮಗಳು:

1) ತಿಂಗಳಿಗೊಮ್ಮೆ ನಿಗದಿತ ದಿನ, ಒಂದರಿಂದ ಒಂದೂವರೆ ಗಂಟೆ ಮಾತ್ರ.
2) ಇಲ್ಲಿ ಕೇಳಿದ ಮಾತನ್ನು ಹೊರಗೆ ಹೇಳತಕ್ಕದ್ದಲ್ಲ.
3) ಒಬ್ಬರು ಮಾತನಾಡುವಾಗ ಇನ್ನೊಬ್ಬರು ತಡೆಯಬಾರದು. ಪ್ರತಿಯೊಬ್ಬರಿಗೂ ಸಮನಾದ ಅವಕಾಶವಿರಬೇಕು.
4) ನನ್ನ ನೋವು ದೊಡ್ಡದು, ನಿಮ್ಮದು ಚಿಕ್ಕದು ಎಂಬ ಹೋಲಿಕೆ ಸಲ್ಲದು.
5) ಸಲಹೆ ಕೇಳಿದರೆ ಮಾತ್ರ ಸಲಹೆ, ಅದೂ "ನನಗೆ ಹೀಗೆ ಅನುಕೂಲವಾಯಿತು" ಎಂಬ ರೀತಿಯಲ್ಲಿ.
6) ಸಭೆ ನಡೆಸುವ ಹೊಣೆ ಸರದಿಯಂತೆ ಬದಲಾಗಬೇಕು. ನಡೆಸುವವರೂ ಬಾಧಿತರೇ ಆಗಿರುವುದರಿಂದ ಅವರು ಅಸ್ವಸ್ಥರಾದ ದಿನ ಬದಲಿ ವ್ಯಕ್ತಿ ಇರಬೇಕು.
7) ಯಾರಾದರೂ ಬದುಕು ಬೇಡವೆಂಬ ಮಾತನಾಡಿದಲ್ಲಿ ಅದನ್ನು ಹಗುರವಾಗಿ ಪರಿಗಣಿಸದೆ ಪರಿಚ್ಛೇದ 13ರಲ್ಲಿ ತಿಳಿಸಿದಂತೆ ಕೂಡಲೇ ನೆರವು ಒದಗಿಸಬೇಕು.

ಸ್ಥಳಕ್ಕಾಗಿ ಗ್ರಾಮ ಪಂಚಾಯಿತಿ ಸಭಾಂಗಣ, ಗ್ರಂಥಾಲಯ, ಸಮುದಾಯ ಭವನ ಅಥವಾ ಶಾಲಾ ಕೊಠಡಿಯನ್ನು ಕೋರಬಹುದು. ಅದಕ್ಕಾಗಿ ಮಾದರಿ ಮನವಿ:

"ಇವರಿಗೆ: ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು, ............ ಗ್ರಾಮ ಪಂಚಾಯಿತಿ. ವಿಷಯ: ಮಾಸಿಕ ಸಭೆಗಾಗಿ ಸಭಾಂಗಣ ಒದಗಿಸುವಂತೆ ಕೋರಿ. ಮಾನ್ಯರೇ, ದೀರ್ಘಕಾಲದ ನೋವು ಹಾಗೂ ನರಸಂಬಂಧಿ ತೊಂದರೆಗಳಿರುವ ಈ ಪಂಚಾಯಿತಿ ವ್ಯಾಪ್ತಿಯ ನಾವು ........ ಮಂದಿ ಪ್ರತಿ ತಿಂಗಳ ........ ರಂದು ಬೆಳಿಗ್ಗೆ ........ ಗಂಟೆಗೆ ಸೇರಿ ಪರಸ್ಪರ ನೆರವಿನ ಸಭೆ ನಡೆಸಲು ಉದ್ದೇಶಿಸಿರುತ್ತೇವೆ. ಸಭೆಯಲ್ಲಿ ಯಾವುದೇ ಮಾರಾಟ, ಹಣ ಸಂಗ್ರಹಣೆ ಅಥವಾ ಪ್ರಚಾರ ಇರುವುದಿಲ್ಲ. ಸದಸ್ಯರಲ್ಲಿ ಕೆಲವರಿಗೆ ಮೆಟ್ಟಿಲು ಹತ್ತಲು ಸಾಧ್ಯವಾಗದಿರುವುದರಿಂದ ನೆಲ ಅಂತಸ್ತಿನ ಕೊಠಡಿಯನ್ನು ಉಚಿತವಾಗಿ ಒದಗಿಸಿಕೊಡಬೇಕೆಂದು ಕೋರುತ್ತೇವೆ. ವಂದನೆಗಳೊಂದಿಗೆ, ತಮ್ಮ ವಿಶ್ವಾಸಿಗಳು."

ಮನವಿಯಲ್ಲಿ ಸದಸ್ಯರ ಕಾಯಿಲೆಗಳ ಹೆಸರನ್ನು ನಮೂದಿಸಬೇಕಾಗಿಲ್ಲ. ಮನವಿಯ ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ದಿನಾಂಕ ಪಡೆದಿಟ್ಟುಕೊಳ್ಳಬೇಕು.

10. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡ್

ಗುಂಪುಗಳಲ್ಲಿ ಅತಿ ಹೆಚ್ಚಾಗಿ ಚರ್ಚೆಯಾಗುವ ವಿಷಯ ಇದಾಗಿರುವುದರಿಂದ ಸರಿಯಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ವಿಕಲಚೇತನರ ಹಕ್ಕುಗಳ ಕಾಯ್ದೆ 2016 ದಿನಾಂಕ 19.4.2017ರಿಂದ ಜಾರಿಯಲ್ಲಿದೆ. ಹಿಂದಿನ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. ಈಗ 21 ಬಗೆಗಳಿವೆ. ಇವುಗಳಲ್ಲಿ ದೀರ್ಘಕಾಲದ ನರಸಂಬಂಧಿ ಸ್ಥಿತಿಗಳಿಂದ ಉಂಟಾಗುವ ಅಂಗವೈಕಲ್ಯ, ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ ಕಾಯಿಲೆ, ಸ್ನಾಯುಕ್ಷಯ, ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಹಾಗೂ ಕುಷ್ಠರೋಗದಿಂದ ಗುಣಮುಖರಾದವರು ಸೇರಿದ್ದಾರೆ.

ಗಮನಿಸಬೇಕಾದ ಅಂಶವೆಂದರೆ, ದೀರ್ಘಕಾಲದ ನೋವು, ಅರೆತಲೆನೋವು ಮತ್ತು ಮೂರ್ಛೆರೋಗವನ್ನು ಕಾಯ್ದೆಯ ಅನುಸೂಚಿಯಲ್ಲಿ ಪ್ರತ್ಯೇಕವಾಗಿ ಹೆಸರಿಸಿರುವುದಿಲ್ಲ. ಕಾಯಿಲೆಯ ಹೆಸರಿಗಿಂತ ಅದರಿಂದ ಉಂಟಾದ ಅಂಗವೈಕಲ್ಯದ ಪ್ರಮಾಣವನ್ನು ವೈದ್ಯಕೀಯ ಪ್ರಾಧಿಕಾರವು ಅಳೆಯುತ್ತದೆ. ಬಹುಪಾಲು ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರಬೇಕು. ಆದಕಾರಣ ನೋವು ತೀವ್ರವಾಗಿದ್ದರೂ ಪ್ರಮಾಣಪತ್ರ ದೊರೆಯದಿರಬಹುದು. ಇದರಿಂದ ನೋವು ಸುಳ್ಳೆಂದು ಅರ್ಥವಾಗುವುದಿಲ್ಲ.

ಅರ್ಜಿ ಸಲ್ಲಿಸುವ ವಿಧಾನ: ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಯು.ಡಿ.ಐ.ಡಿ. ಅರ್ಜಿಯನ್ನು ಭರ್ತಿ ಮಾಡಬೇಕು. ಸ್ವತಃ ಸಾಧ್ಯವಾಗದವರು ಸೇವಾ ಕೇಂದ್ರದ ಅಥವಾ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಬೇಕಾಗುವ ದಾಖಲೆಗಳು: ಇತ್ತೀಚಿನ ಭಾವಚಿತ್ರ, ಸಹಿ ಅಥವಾ ಹೆಬ್ಬೆರಳ ಗುರುತು, ಗುರುತಿನ ಮತ್ತು ವಿಳಾಸದ ದಾಖಲೆ. ತಪಾಸಣೆಗೆ ಹಾಜರಾಗುವಾಗ ಆಸ್ಪತ್ರೆಯಿಂದ ಬಿಡುಗಡೆಯಾದ ಸಾರಾಂಶ, ಎಂ.ಆರ್.ಐ., ನರಗಳ ವೇಗದ ಪರೀಕ್ಷೆ ಮುಂತಾದ ವರದಿಗಳು, ಔಷಧಿ ಚೀಟಿಗಳು ಹಾಗೂ ಮೇಲೆ ತಿಳಿಸಿದ ನೋವಿನ ದಿನಚರಿಯನ್ನು ಕೊಂಡೊಯ್ಯಬೇಕು. 2024ರ ತಿದ್ದುಪಡಿ ನಿಯಮಗಳಂತೆ ಪ್ರಮಾಣಪತ್ರ ನೀಡಲು ಮೂರು ತಿಂಗಳ ಕಾಲಾವಕಾಶವಿದೆ. ಪ್ರಾಧಿಕಾರದ ತೀರ್ಮಾನದಿಂದ ಬಾಧಿತರಾದವರು ಕಾಯ್ದೆಯ ಕಲಂ 59ರ ಅಡಿಯಲ್ಲಿ ಮೇಲ್ಮನವಿ ಸಲ್ಲಿಸಬಹುದು.

ಮಾಸಾಶನಕ್ಕೆ ಪ್ರತ್ಯೇಕ ಅರ್ಜಿ ಅಗತ್ಯವಿದ್ದು, ಅದನ್ನು ಕಂದಾಯ ಇಲಾಖೆಯ ನಾಡಕಚೇರಿಯಲ್ಲಿ ಸಲ್ಲಿಸಬೇಕು. ಸರ್ಕಾರಿ ನೌಕರರು ಸೇವೆಯಲ್ಲಿರುವಾಗ ಅಂಗವಿಕಲರಾದಲ್ಲಿ, ಆ ಕಾರಣಕ್ಕೆ ಅವರನ್ನು ಸೇವೆಯಿಂದ ತೆಗೆಯುವುದನ್ನು ಅಥವಾ ಹಿಂಬಡ್ತಿ ನೀಡುವುದನ್ನು ಕಾಯ್ದೆಯ ಕಲಂ 20(4) ನಿರ್ಬಂಧಿಸುತ್ತದೆ.

11. ಕುಟುಂಬದವರಿಗೆ ಸೂಚನೆಗಳು

ಬಾಧಿತರ ನೋವನ್ನು ನಂಬುವುದೇ ಮೊದಲ ನೆರವು. ನಿನ್ನೆ ಮಾಡಿದ ಕೆಲಸ ಇಂದು ಏಕೆ ಆಗುವುದಿಲ್ಲ ಎಂದು ಕೇಳಬಾರದು. ನೋವು ದಿನದಿಂದ ದಿನಕ್ಕೆ ಬದಲಾಗುವುದು ಈ ತೊಂದರೆಗಳ ಸ್ವಭಾವ. ಹಾಗೆಂದು ಎಲ್ಲ ಕೆಲಸವನ್ನೂ ಅವರ ಕೈಯಿಂದ ಕಸಿದುಕೊಳ್ಳುವುದೂ ಹಿತಕರವಲ್ಲ. ಯಾವ ಕೆಲಸ ತಮಗೆ ಬೇಕು, ಯಾವುದರಲ್ಲಿ ನೆರವು ಬೇಕು ಎಂಬುದನ್ನು ಅವರಿಂದಲೇ ಕೇಳಿ ತಿಳಿಯಬೇಕು. ಮನೆಯ ಗೃಹಿಣಿಯೇ ಬಾಧಿತಳಾಗಿದ್ದಲ್ಲಿ ಆಕೆಯ ನೋವು ಕೊನೆಯದಾಗಿ ಗಮನಕ್ಕೆ ಬರುವುದು ಸಾಮಾನ್ಯ. ಆಕೆಯನ್ನು ಸಭೆಗೆ ಕಳುಹಿಸಿಕೊಟ್ಟು, ಆ ಹೊತ್ತಿನ ಮನೆಗೆಲಸವನ್ನು ಉಳಿದವರು ಹಂಚಿಕೊಳ್ಳತಕ್ಕದ್ದು. ಆರೈಕೆ ಮಾಡುವವರಿಗೂ ಆಯಾಸ ಮತ್ತು ಬೇಸರ ಸಹಜವಾದುದರಿಂದ ಅವರೂ ತಮ್ಮದೇ ಗುಂಪು ರಚಿಸಿಕೊಳ್ಳಬಹುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಕಾಯಿಲೆ ಏನೆಂದು ಇನ್ನೂ ನಿರ್ಧಾರವಾಗಿಲ್ಲ. ಗುಂಪಿಗೆ ಸೇರಬಹುದೇ?
ಉತ್ತರ: ಸೇರಬಹುದು. ತಪಾಸಣೆಯನ್ನು ಮಾತ್ರ ಮುಂದುವರಿಸಬೇಕು.

ಪ್ರಶ್ನೆ: ಮನೋವೈದ್ಯರನ್ನು ಕಾಣುವಂತೆ ವೈದ್ಯರು ಸೂಚಿಸಿದ್ದಾರೆ. ನನ್ನ ನೋವು ಸುಳ್ಳೆಂದು ಅವರ ಅಭಿಪ್ರಾಯವೇ?
ಉತ್ತರ: ಅಲ್ಲ. ದೀರ್ಘಕಾಲದ ನೋವಿನೊಂದಿಗೆ ಖಿನ್ನತೆ ಮತ್ತು ನಿದ್ರಾಹೀನತೆ ಬರುವುದು ಸಾಮಾನ್ಯ. ಖಿನ್ನತೆಗೆ ನೀಡುವ ಕೆಲವು ಔಷಧಿಗಳು, ಉದಾಹರಣೆಗೆ ಅಮಿಟ್ರಿಪ್ಟಿಲಿನ್ ಮತ್ತು ಡುಲಾಕ್ಸೆಟಿನ್, ನರನೋವಿಗೂ ಉಪಯುಕ್ತ.

ಪ್ರಶ್ನೆ: ಮಗಳಿಗೆ ಮೂರ್ಛೆರೋಗವಿದೆ. ಗುಂಪಿಗೆ ಹೋದರೆ ವಿಷಯ ತಿಳಿದು ಮದುವೆಗೆ ತೊಂದರೆಯಾಗುವುದೇ?
ಉತ್ತರ: ಗೋಪ್ಯತೆಯ ನಿಯಮವಿರುವ ಗುಂಪನ್ನೇ ಆರಿಸಿಕೊಳ್ಳಬೇಕು. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವು ವಿವಾಹಕ್ಕೆ ಅಡ್ಡಿಯೆಂದಿದ್ದ ಅಂಶವನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಆದಾಗ್ಯೂ ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಮಾತ್ರೆ ತಪ್ಪುವ ಅಪಾಯವಿರುವುದರಿಂದ ಮುಂಚಿತವಾಗಿ ತಿಳಿಸುವುದು ಕ್ಷೇಮ.

ಪ್ರಶ್ನೆ: ಮನೆಯಿಂದ ಹೊರಗೆ ಹೋಗಲು ಆಗುವುದಿಲ್ಲ. ಏನು ಮಾಡಬೇಕು?
ಉತ್ತರ: ದೂರವಾಣಿಯ ಮೂಲಕ ಒಬ್ಬರು ಇನ್ನೊಬ್ಬರಿಗೆ ವಾರಕ್ಕೊಮ್ಮೆ ಕರೆ ಮಾಡುವ ವ್ಯವಸ್ಥೆಯನ್ನು ಗುಂಪಿನೊಂದಿಗೆ ಮಾಡಿಕೊಳ್ಳಬಹುದು.

ಪ್ರಶ್ನೆ: ಗುಂಪಿನಲ್ಲಿರುವ ಒಬ್ಬರಿಗೆ ಪ್ರಮಾಣಪತ್ರ ದೊರೆತಿದೆ, ಅದೇ ಕಾಯಿಲೆಯುಳ್ಳ ನನಗೆ ದೊರೆತಿಲ್ಲ. ಇದು ಹೇಗೆ?
ಉತ್ತರ: ಒಂದೇ ಕಾಯಿಲೆಯಲ್ಲಿಯೂ ಅಂಗವೈಕಲ್ಯದ ಪ್ರಮಾಣ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುತ್ತದೆ. ತಮ್ಮ ಸ್ಥಿತಿಯನ್ನು ಸರಿಯಾಗಿ ಅಳೆದಿಲ್ಲವೆಂದು ಅನಿಸಿದಲ್ಲಿ ಮೇಲ್ಮನವಿ ಸಲ್ಲಿಸಬಹುದು.

13. ಸಂಪರ್ಕಿಸಬೇಕಾದ ದೂರವಾಣಿ ಸಂಖ್ಯೆಗಳು

ಆಂಬ್ಯುಲೆನ್ಸ್: 108
ತುರ್ತು ಸೇವೆಗಳು: 112
ಟೆಲಿ-ಮಾನಸ್: 14416 ಅಥವಾ 1800-891-4416

ಟೆಲಿ-ಮಾನಸ್ ಸೇವೆಯು 10.10.2022ರಂದು ಆರಂಭವಾಗಿದ್ದು, ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಲಭ್ಯವಿದೆ. ನೋವಿನಿಂದ ಬೇಸತ್ತು ಬದುಕು ಸಾಕೆನಿಸಿದಾಗ, ಅಥವಾ ಮನೆಯಲ್ಲಿ ಯಾರಾದರೂ ಅಂತಹ ಮಾತನಾಡಿದಾಗ, ಬೆಳಗಾಗುವವರೆಗೆ ಕಾಯದೆ ಕೂಡಲೇ ಕರೆ ಮಾಡಬೇಕು. ಆ ಹೊತ್ತಿನಲ್ಲಿ ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು. ಮಾತ್ರೆಗಳು ಮತ್ತು ಕೀಟನಾಶಕಗಳು ಕೈಗೆ ಸಿಗದಂತೆ ನೋಡಿಕೊಳ್ಳಬೇಕು.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಇವು ವೈದ್ಯರ ಸಲಹೆಗೆ ಪರ್ಯಾಯವಲ್ಲ. ಮೇಲೆ ಹೆಸರಿಸಿದ ಸರ್ಕಾರೇತರ ಸಂಘಗಳು ಸ್ವತಂತ್ರ ಸಂಸ್ಥೆಗಳಾಗಿದ್ದು, ಅವುಗಳ ಸಭೆಯ ದಿನ ಹಾಗೂ ಸ್ಥಳವನ್ನು ಹೊರಡುವ ಮುನ್ನ ಖಚಿತಪಡಿಸಿಕೊಳ್ಳಬೇಕೆಂದು ಕೋರಲಾಗಿದೆ.